ಕುತ್ತಿಗೆ ಒಂದು ಕೂದಲೆಳೆ ಹಿಂದಕ್ಕೆ

ಗವರ್ನರ್‌ಪೇಟೆ, ವಿಜಯವಾಡ
೧೯ ನವೆಂಬರ್ ೨೦೦೬

ಚಿರಂಜೀವಿ ಅನುವಿಗೆ,

ನಿನ್ನ ಮಾವ ಇನ್ನೂ ಗಟ್ಟಿಯಾಗಿದ್ದಾನೆ. ನಿನ್ನ ಅತ್ತೆ ದುರ್ಗಾಂಬ ನನಗಿಂತ ಗಟ್ಟಿ. ವೈಜಾಗಿನ ಮಧುರವಾಡದ ಹೊಸ ಅಪಾರ್ಟ್‌ಮೆಂಟಿನಲ್ಲಿ ನೀನೂ ಹಾಗೆಯೇ ಇದ್ದೀಯೆಂದು ನಂಬಿದ್ದೇನೆ. ದಸರೆಗೆ ಕೊಡುತ್ತೇನೆಂದ ಗಿಟಾರು ತಡವಾಯಿತು, ಸಿಟ್ಟಾಗಬೇಡ. ಮಾವ ಫೋನ್ ಎತ್ತುವುದೇ ಇಲ್ಲ ಎಂದು ಅತ್ತೆಯ ಹತ್ತಿರ ದೂರು ಹೇಳಿದೆಯಂತೆ. ನಾನು ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದು ಕಾಗದ ಬರೆಯುವುದಕ್ಕೆ, ಗುಂಡಿ ಒತ್ತುವುದಕ್ಕಲ್ಲ. ಮೇಷ್ಟರು ನನ್ನ ಅಕ್ಷರವನ್ನು ಊರಿಗೆಲ್ಲ ತೋರಿಸಿದ್ದರು.

ಈಗ ಗಿಟಾರಿನ ವಿಷಯ. ಪೆಟ್ಟಿಗೆಯನ್ನು ಯಾರು ಬೇಕಾದರೂ ಮಾಡುತ್ತಾರೆ. ಗುಟ್ಟಿರುವುದು ಕುತ್ತಿಗೆ ಕೂರುವ ಕೋನದಲ್ಲಿ. ಕುತ್ತಿಗೆ ಮುಂದಕ್ಕೆ ಬಾಗಿದರೆ ತಂತಿ ಮೇಲೇಳುತ್ತದೆ, ಒತ್ತಿ ಒತ್ತಿ ಬೆರಳು ಸೀಳುತ್ತದೆ. ಅತಿಯಾಗಿ ಹಿಂದಕ್ಕೆ ವಾಲಿದರೆ ತಂತಿ ಕೆಳಗಿನ ಪಟ್ಟಿಗೆ ತಾಗಿ ಬುರ್ರೆನ್ನುತ್ತದೆ. ಹೋದ ವರ್ಷ ನೀನು ಯಾವುದೋ ಅಂಗಡಿಯ ಗಿಟಾರು ನುಡಿಸಿ, ಬೆರಳು ತೋರಿಸಿ ಅತ್ತಿದ್ದೆಯಲ್ಲ, ಅದಕ್ಕೇ ನಿನ್ನದನ್ನು ಒಂದು ಕೂದಲೆಳೆ ಹಿಂದಕ್ಕೆ ವಾಲಿಸಿದೆ. ಕುತ್ತಿಗೆಯ ಬುಡವನ್ನು ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ಸವರಿ, ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದೆ. ಅದರ ತುದಿ ಪೆಟ್ಟಿಗೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜಿನ ನೆತ್ತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟಿತು. ಆಂಧ್ರದಲ್ಲಿ ಇಂಥ ಕೈ ಇನ್ನೊಂದಿದ್ದರೆ ಕರೆದು ತಾ, ಕಾಲಿಗೆ ಬೀಳುತ್ತೇನೆ.

ಅಂಗಡಿಯ ಯಜಮಾನ ಭಾನುಪ್ರಕಾಶ್ ಒಪ್ಪಲಿಲ್ಲ. ಅವನಪ್ಪ ನನ್ನನ್ನು ಕೆಲಸಕ್ಕೆ ಕರೆತಂದಾಗ ಇವನಿಗೆ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮೊನ್ನೆ ಬಂದು, “ಓಂಕಾರಪ್ಪಗಾರೂ, ಮೆಡ ಚೂಡಂಡಿ” ಅಂದ. ನಾನು ಎದ್ದು ಮಹಡಿ ಹತ್ತಿ ಹೋದೆ. ಮೇಲೇನಿದೆ? ನೀರಿನ ಟ್ಯಾಂಕು, ಅದರ ನೆರಳಿನಲ್ಲಿ ಒಂದು ಬೆಕ್ಕು. ಇಳಿದು ಬಂದರೆ ಅಂಗಡಿಯೆಲ್ಲ ನಗುತ್ತಿದೆ. ನಿನಗಿನ್ನೂ ತೆಲುಗು ಬಾರದು, ತಿಳಿದುಕೋ: ಚೂಡಂಡಿ ಅಂದರೆ ನೋಡಿ, ಮೆಡ ಅಂದರೆ ಕುತ್ತಿಗೆ, ಮೇಡ ಅಂದರೆ ಮಹಡಿ. ಒಂದು ದೀರ್ಘಕ್ಕೆ ಮನುಷ್ಯನನ್ನು ಮಹಡಿ ಹತ್ತಿಸುವ ಭಾಷೆ. ತಪ್ಪು ಭಾಷೆಯದು, ನನ್ನದಲ್ಲ.

ಆಮೇಲೆ ಅವನು ಪಕ್ಕಕ್ಕೇ ಬಂದು ಅರಚಿದ: “ತಂತಿ ಬುರ್ರಂತಿದೆ ಗಾರೂ. ಕುತ್ತಿಗೆ ಬಿಚ್ಚಿ ಮತ್ತೆ ಕೂರಿಸಿ. ಆಗದಿದ್ದರೆ ಕೆಲಸದ ಬೆಂಚು ಬಿಟ್ಟು ಮನೆಯಲ್ಲಿ ಆರಾಮಾಗಿರಿ.”

ನಾನು ಉಳಿ ಕೆಳಗಿಡಲಿಲ್ಲ. “ಬುರ್ರೆನ್ನುವುದು ನಿನ್ನ ತಲೆಯೊಳಗೆ. ನುಡಿಸುವವಳು ವೈಜಾಗಿನಲ್ಲಿದ್ದಾಳೆ. ಅವಳು ತಪ್ಪು ಅಂದ ದಿನ ಬೆಂಚು ಬಿಡುತ್ತೇನೆ. ಅಲ್ಲಿಯವರೆಗೆ ನಿನ್ನ ನೆರಳೂ ಇದರ ಮೇಲೆ ಬೀಳಬಾರದು” ಅಂದೆ.

ಮನೆಗೆ ಬಂದು ಹೇಳಿದರೆ ನಿನ್ನ ಅತ್ತೆ, “ಹಿಂದಕ್ಕೆ ವಾಲಿರೋದು ಗಿಟಾರಿನ ಕುತ್ತಿಗೆನೋ ನಿಮ್ದೋ? ಸ್ವಲ್ಪ ಬಗ್ಗಿದ್ರೆ ಏನಂಡಿ ಹೋಗುತ್ತೆ?” ಅಂದಳು. ಬಗ್ಗಿದರೆ ತಂತಿ ಮೇಲೇಳುತ್ತದೆ ಅಂದೆ.

ಪಕ್ಕದ ಮನೆಯ ಸೂರ್ಯಪ್ರಕಾಶ ನಾಳೆ ರೈಲಿನಲ್ಲಿ ಅಲ್ಲಿಗೆ ಬರುತ್ತಾನೆ. ಗಿಟಾರು, ಈ ಕಾಗದ ಎರಡೂ ಅವನ ಕೈಯಲ್ಲಿ. ಕುತ್ತಿಗೆಯ ತುದಿಯಲ್ಲಿ ಹಲ್ಲಿನ ಗುರುತು ಕಾಣಿಸಿದರೆ ಗಾಬರಿಯಾಗಬೇಡ. ಗವರ್ನರ್‌ಪೇಟೆಯ ಇಲಿಗಳಿಗೂ ಒಳ್ಳೆಯ ಮರದ ರುಚಿ ಗೊತ್ತು.

ನಿನ್ನ ಬೆರಳಿಗೆ ನೋವಾಗದಿರಲಿ, ನಿನ್ನ ಕುತ್ತಿಗೆ ಯಾರ ಮುಂದೆಯೂ ಬಾಗದಿರಲಿ.

ನಿನ್ನ ಮಾವ,
ಓಂಕಾರಪ್ಪ

ತಾ.ಕ.: ಅತ್ತೆಗೆ ಕನ್ನಡ ಓದಲು ಬಾರದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಧ ಆಯುಷ್ಯ ಈ ಊರಿನಲ್ಲಿ ಕಳೆದವನಿಗೆ ಮೆಡ ಯಾವುದು, ಮೇಡ ಯಾವುದು ತಿಳಿಯುವುದಿಲ್ಲವೇ? ಕೇಳಿಸಲಿಲ್ಲ, ಅನು. ಫೋನಿನಲ್ಲಿ ನಿನ್ನ ದನಿಯೂ ಕೇಳಿಸುತ್ತಿಲ್ಲ. ತಂತಿ ಬುರ್ರೆನ್ನುತ್ತದೋ ಇಲ್ಲವೋ ನನ್ನ ಕಿವಿಗೆ ಗೊತ್ತಿಲ್ಲ. ಆ ಗುರುತು ಇಲಿಯದಲ್ಲ. ಕುತ್ತಿಗೆಯ ತುದಿಯನ್ನು ಕಚ್ಚಿ ಹಿಡಿದು ತಂತಿ ಮೀಟಿದೆ. ಕಿವಿಗೆ ಬಾರದ ಸ್ವರ ಮರದಿಂದ ಹಲ್ಲಿಗೆ ಚೊಕ್ಕವಾಗಿ ಬಂತು. ನೀನು ಕೇಳಿ, ಇದ್ದದ್ದನ್ನು ಇದ್ದ ಹಾಗೆ ಬರೆ. ಮಾವನೆಂದು ಕನಿಕರ ಬೇಡ. ತಪ್ಪು ಅಂದರೆ ಆಡಿದ ಮಾತಿನಂತೆ ಬೆಂಚು ಬಿಡುತ್ತೇನೆ. ಆದರೆ ನೀನು ಹಾಗೆ ಬರೆಯಲಾರೆ. ನನ್ನ ಹಲ್ಲು ಇನ್ನೂ ಒಂದೂ ಅಲ್ಲಾಡಿಲ್ಲ.