ಅಕ್ಕನ ಬೆನ್ನಿನ ಮೇಲಿನ ಧೂಳು

ಫೆಬ್ರವರಿ 4, ಬೆಳಿಗ್ಗೆ 7.30
ಮತ್ತೆ ಧೂಳು ಊದುವ ರಬ್ಬರ್ ಬ್ಲೋವರ್ ಹಿಡಿದು ಪುಸ್ ಪುಸ್. ಕ್ಯಾಮೆರಾ ಬೋರಲು, ಒಳಗೆ ಚಿತ್ರ ಮೂಡುವ ಸೆನ್ಸರ್ ಕೆಳಮುಖ, ಗಾಳಿ ಮೇಲಕ್ಕೆ. ಬಿಳಿ ಹಾಳೆಯ ಫೋಟೊ ತೆಗೆದು ನೋಡಿದೆ — ಐದು ಚುಕ್ಕೆ ಇದ್ದಲ್ಲೇ ಇವೆ, ಆರನೆಯದು ಹೊಸದಾಗಿ ಬಂದು ಕೂತಿದೆ. ಈ ಹಳೆ ಕ್ಯಾಮೆರಾ ನನಗೆ ಮಾರಿದ ವಿಡಿಯೊದವ "ಒಳಗೆಲ್ಲ ಕನ್ನಡಿ ಇದ್ದ ಹಾಗಿದೆ" ಎಂದಿದ್ದ. ಕನ್ನಡಿಯೇ ಸರಿ, ಒರೆಸದ ಕನ್ನಡಿ. ಇವತ್ತು ಪಾತ್ರೆ ಅಂಗಡಿಯ ಕ್ಯಾಟಲಾಗಿಗೆ ಮೂವತ್ತು ಸ್ಟೀಲ್ ಡಬ್ಬಿ ತೆಗೆಯಬೇಕು. ಒಂದೊಂದರಲ್ಲೂ ಆರು ಚುಕ್ಕೆ ಅಳಿಸುತ್ತಾ ಕೂರಬೇಕು.

ಫೆಬ್ರವರಿ 6
ಅಕ್ಕನ ಬೆನ್ನಿನ ಫೋಟೊ ದಿನ. ಹೋದ ವರ್ಷ ಚರ್ಮದ ಡಾಕ್ಟರು ಅವಳ ಬಲಭುಜದ ಹಿಂದಿನ ಮಚ್ಚೆ ಕತ್ತರಿಸಿ ತೆಗೆದರು. ಕ್ಯಾನ್ಸರ್. ಪೂರ್ತಿ ತೆಗೆದಿದ್ದೇವೆ, ಆದರೆ ಮತ್ತೆ ಬರಬಹುದು ಎಂದರು. ಆಸ್ಪತ್ರೆ ರೈಲಿನಲ್ಲಿ ಆರು ಗಂಟೆ ದೂರ. ಅದಕ್ಕೇ ತಿಂಗಳಿಗೊಂದು ಫೋಟೊ ತೆಗೆದು ಡಾಕ್ಟರಿಗೆ ಕಳಿಸುವುದು — ಅದೇ ದೂರ, ಅದೇ ಬೆಳಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನೆಲಕ್ಕೆ ಟೇಪ್ ಅಂಟಿಸಿದ್ದೇನೆ. ಸ್ಟೂಲ್ ಅಲ್ಲಿ, ಟ್ರೈಪಾಡ್ ಇಲ್ಲಿ. ಅಕ್ಕನ ಬೆನ್ನು ತುಂಬ ಮಚ್ಚೆ. ಯಾವುದು ಹೊಸದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಹಳೆಯ ಫೋಟೊ ಪಕ್ಕದಲ್ಲಿಟ್ಟರೇ ಗೊತ್ತಾಗುವುದು.
"ಇಷ್ಟು ವರ್ಷದಲ್ಲಿ ನನ್ನ ಮುಖ ಒಂದು ಸಲ ನೆಟ್ಟಗೆ ತೆಗೀಲಿಲ್ಲ, ಬೆನ್ನಿಗೆ ಮಾತ್ರ ಏನ್ ಉಪಚಾರ ನೋಡು" ಎಂದಳು.

ಫೆಬ್ರವರಿ 9
ಡಾಕ್ಟರ ಫೋನ್. ಸೊಂಟದ ಹತ್ತಿರ ಹೊಸದೊಂದು ಕಾಣುತ್ತಿದೆ, ತಕ್ಷಣ ಬನ್ನಿ ಎಂದರು. ನಾಳೆಯ ರೈಲಿಗೆ ಟಿಕೆಟ್ ತೆಗೆದೆ.

ಫೆಬ್ರವರಿ 11
ಹೋಗಿ ಬಂದೆವು. ಸೊಂಟದಲ್ಲಿ ಏನೂ ಇಲ್ಲ. ಧೂಳು. ನನ್ನ ಕ್ಯಾಮೆರಾದ ಧೂಳು, ಆ ಆರನೆಯ ಚುಕ್ಕೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕ್ಯಾಮೆರಾ ಸ್ವಲ್ಪ ಕ್ಲೀನ್ ಮಾಡಿಸಿಕೊಳ್ಳಿ ಎಂದರಷ್ಟೆ. ಹೋಗುವಾಗ ಅಕ್ಕ ಆರು ಗಂಟೆಯೂ ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದಳು. ಅಮ್ಮ ಹೋದಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಫೆಬ್ರವರಿ 15
ಒರೆಸುವ ಕಡ್ಡಿ, ಸ್ವಾಬ್ ಅಂತಾರೆ, ಅದನ್ನು ತಂದು ಸೆನ್ಸರನ್ನು ನಾನೇ ಒರೆಸಿದೆ. ಕೆಲಸ ಕೆಟ್ಟಿತು. ಆರಿದ್ದ ಚುಕ್ಕೆ ನಲವತ್ತಾಯಿತು... ಕ್ಯಾಮೆರಾ ರಿಪೇರಿಯವನು ಕೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದಾನೆ. ಮೇ ಮುಗಿದಮೇಲೆ ಬಾ ಎಂದ. ನನ್ನ ಗ್ರಹಚಾರ.

ಮಾರ್ಚ್ 6
ಉಪಾಯ ಸಿಕ್ಕಿತು. ಬಿಳಿ ಹಾಳೆಯ ಫೋಟೊ ತೋರಿಸಿದರೆ ಫೋಟೊ ತಿದ್ದುವ ಸಾಫ್ಟ್‌ವೇರು ಧೂಳು ಎಲ್ಲೆಲ್ಲಿದೆ ಎಂದು ಕಲಿತುಕೊಳ್ಳುತ್ತದೆ. ಆಮೇಲೆ ಪ್ರತಿ ಫೋಟೊದಲ್ಲೂ ಆ ನಲವತ್ತು ಜಾಗಗಳನ್ನು ಸುತ್ತಲಿನ ಬಣ್ಣದಿಂದ ತಾನೇ ಮುಚ್ಚುತ್ತದೆ. ಡಬ್ಬಿಗಳು ಫಳಫಳ. ಅಕ್ಕನ ಬೆನ್ನೂ ಸ್ವಚ್ಛ. ಕಳಿಸಿದೆ. ಈ ಸಲ ಚೆನ್ನಾಗಿ ಬಂದಿದೆ, ಹೊಸದೇನೂ ಇಲ್ಲ ಎಂದು ಡಾಕ್ಟರ ಉತ್ತರ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಏಪ್ರಿಲ್ 6
ಕಳಿಸಿದೆ. ಏನೂ ಇಲ್ಲ ಎಂದರು.

ಮೇ 7
ಹಳೆ ಗಾಯದ ಪಕ್ಕ ತುರಿಸುತ್ತದೆ ಎಂದಳು ಅಕ್ಕ. ನಿನ್ನೆಯ ಫೋಟೊ ದೊಡ್ಡದು ಮಾಡಿ ತೋರಿಸಿದೆ. "ನೋಡು, ಏನಿದೆ ಇಲ್ಲಿ? ಬೆವರಿಗೆ ಅಷ್ಟೆ." ಒಪ್ಪಿಕೊಂಡು ಪೌಡರ್ ಹಾಕಿಕೊಂಡಳು. ಡಾಕ್ಟರೂ ಏನೂ ಇಲ್ಲ ಎಂದೇ ಬರೆದಿದ್ದಾರೆ.

ಜೂನ್ 2
ರಿಪೇರಿಯವನ ಪ್ಲಾಸ್ಟರ್ ಬಿಚ್ಚಿದೆ. ಸೆನ್ಸರ್ ಒರೆಸಿಕೊಟ್ಟ. ಬಿಳಿ ಹಾಳೆ ಬಿಳಿಯಾಗಿ ಬಂತು, ಒಂದೂ ಚುಕ್ಕೆ ಇಲ್ಲ. ಸಾಫ್ಟ್‌ವೇರಿನ ಆ ನಲವತ್ತರ ಪಟ್ಟಿ ಕಿತ್ತುಹಾಕಿದೆ.

ಜೂನ್ 6, ಬೆಳಿಗ್ಗೆ 10
ಅಕ್ಕನ ಬೆನ್ನು ತೆಗೆದೆ. ಗಾಯದ ಪಕ್ಕ ಕಪ್ಪು ಚುಕ್ಕೆ. ನಾಲ್ಕು ದಿನಕ್ಕೇ ಮತ್ತೆ ಧೂಳು. ಹಾಳಾದ ಕ್ಯಾಮೆರಾ.

10.20
ಬಿಳಿ ಹಾಳೆ ಸ್ವಚ್ಛವಾಗಿದೆ. ಟ್ರೈಪಾಡ್ ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆದೆ. ಧೂಳಾಗಿದ್ದರೆ ಫೋಟೊದಲ್ಲಿ ಇದ್ದ ಜಾಗದಲ್ಲೇ ಇರಬೇಕಿತ್ತು. ಇದು ಬೆನ್ನಿನ ಜತೆಗೇ ಸರಿಯಿತು.

11
ಸಾಫ್ಟ್‌ವೇರು ಮುಟ್ಟುವ ಮೊದಲಿನ ಫೈಲುಗಳನ್ನು ತೆರೆದೆ. ಮೇ — ಧೂಳಿನ ಮಸುಕು ಬೂದು ಚುಕ್ಕೆ, ಅದರೊಳಗೆ ಇನ್ನೊಂದು, ಕಪ್ಪಗೆ. ಏಪ್ರಿಲ್ — ಅದೇ, ಸಾಸಿವೆಯಷ್ಟು. ಮಾರ್ಚ್‌ನಲ್ಲಿ ಇಲ್ಲ. ನೆಲದ ಟೇಪು ಅಷ್ಟು ಕರಾರುವಾಕ್ಕು; ತಿಂಗಳು ತಿಂಗಳೂ ಆ ಜಾಗ ಆ ಧೂಳಿನ ಅಡಿಗೇ ಬಂದಿದೆ. ಎರಡು ಸಲ ಮುಚ್ಚಿ ಕಳಿಸಿದ್ದೇನೆ. ತುರಿಸುತ್ತದೆ ಎಂದಾಗಲೂ ಬೆನ್ನು ನೋಡಲಿಲ್ಲ, ಸ್ಕ್ರೀನ್ ನೋಡಿದೆ. ಥೂ ನನ್ನ ಜನ್ಮಕ್ಕೆ.

ಮಧ್ಯಾಹ್ನ 1
ಡಾಕ್ಟರಿಗೆ ಮೂಲ ಫೈಲುಗಳನ್ನೆಲ್ಲ ಕಳಿಸಿ, ಮಾಡಿದ್ದನ್ನೆಲ್ಲ ಬರೆದೆ. ಫೋನ್ ಮಾಡಿದರು. ನಾಳೆಯೇ ಕರೆದುಕೊಂಡು ಬನ್ನಿ ಎಂದರು. ಉಳಿಯುತ್ತಾಳಾ ಎಂದು ಕೇಳಿದೆ. ನೋಡದೆ ಏನೂ ಹೇಳಲಾರೆ ಎಂದರು. "ನಡೆದದ್ದನ್ನ ನಿಮ್ಮ ಅಕ್ಕನಿಗೆ ನೀವೇ ಹೇಳಿ. ನನ್ನ ಬಾಯಿಂದ ಕೇಳೋದು ಬೇಡ."

ಸಂಜೆ 4
ಹೊಸ ಮಚ್ಚೆ ಬಂದಿದೆ, ನಾಳೆ ಹೋಗಬೇಕು ಎಂದಷ್ಟೇ ಹೇಳಿದೆ. ಅಕ್ಕ ಚೀಲ ತೆಗೆದು ಬಟ್ಟೆ ಮಡಿಸತೊಡಗಿದಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದು ತಲೆ ಸವರಿದಳು.
"ಅಳಬೇಡ್ವೋ. ನೀನು ತಿಂಗಳು ತಪ್ಪದೆ ಫೋಟೊ ತೆಗ್ದಿದ್ದಕ್ಕೇ ಇಷ್ಟು ಬೇಗ ಸಿಕ್ತು."
ಎದ್ದು ಈ ಕೋಣೆಗೆ ಬಂದುಬಿಟ್ಟೆ. ಗೋಡೆಯಾಚೆ ಬೀರುವಿನ ಬಾಗಿಲ ಸದ್ದು. ಹೇಳಬೇಕು. ನಾಳೆ ರೈಲಿನಲ್ಲಲ್ಲ, ಡಾಕ್ಟರ ಎದುರಲ್ಲೂ ಅಲ್ಲ. ಈಗಲೇ ಹೋಗಿ — ಅಕ್ಕಾ, ಬೇಗ ಸಿಗಲಿಲ್ಲ ಕಣೇ, ನಾನೇ ಅದನ್ನು ಮುಚ್ಚಿ...