ಗನ್ನಿನ ಸಾಲಿನಲ್ಲಿ ನನ್ನ ಹಿಂದಿನವನು

ಮಾರ್ಚ್ 3, ಬೆಳಿಗ್ಗೆ
ಮತ್ತೆ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ. ನಿನ್ನೆಗಿಂತ ಹಳದಿ. ಇವಳು ಇಲ್ಲ ಅಂದಳು, ಕನ್ನಡಕ ಹಾಕಿಕೊಳ್ಳದೆ. ಇಷ್ಟು ವರ್ಷ ಸಂಸಾರ ಮಾಡಿದರೂ ಸುಳ್ಳು ಹೇಳಲು ಬರುವುದಿಲ್ಲ.
ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತೆ. ಮಿಲಿಟರಿ ಬಿಟ್ಟ ಮೇಲೆ ಲಿಫ್ಟ್ ರಿಪೇರಿ ಮಾಡಿ ಬದುಕಿದವನು. ನಮ್ಮ ಬಿಲ್ಡಿಂಗಿಗೇ ಲಿಫ್ಟ್ ಇಲ್ಲ. ನಗು ಬಂತು. ನಕ್ಕರೆ ಪಕ್ಕೆ ನೋವು.
ಭಾವಮೈದುನ ಬಂದಿದ್ದ. ಲಿವರ್ ಹೋಯಿತು ಅಂದರೆ ಅವನ ಲೆಕ್ಕದಲ್ಲಿ ಕುಡಿತ. ಬಾಟಲಿ ಮುಟ್ಟಿದವನಲ್ಲ ಮಾರಾಯ ಅಂದೆ. “ಎಲ್ರೂ ಹಾಗೇ ಹೇಳೋದು ಭಾವ,” ಅಂದ.

ಮಾರ್ಚ್ 11
ಪಿಂಚಣಿ ಮಂಡಳಿಯಿಂದ ಮತ್ತೆ ತಿರಸ್ಕಾರ. ನನ್ನ ಹೆಪಟೈಟಿಸ್ ಸೇವೆಯಲ್ಲಿದ್ದಾಗ ಬಂದದ್ದು ಅನ್ನಲು ಆಧಾರ ಇಲ್ಲವಂತೆ. ಹೋದ ಸಲ ಇವಳ ಎದುರಿಗೇ ಕೇಳಿದ್ದರು — ಹಚ್ಚೆ ಹಾಕಿಸಿದ್ದೀರಾ? ಡ್ರಗ್ಸ್? ಹೊರಗಿನ ಹೆಂಗಸರು? ಇವಳು ಸೆರಗಿನ ದಾರ ಕೀಳುತ್ತಾ ಕೂತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.
ಆಧಾರ ನನ್ನ ತೋಳಿನಲ್ಲೇ ಇದೆ. ತರಬೇತಿ ಶಿಬಿರ, ಲಸಿಕೆಯ ದಿನ. ಸೂಜಿ ಅಲ್ಲ, ಗನ್ನು. ತೋಳಿಗೆ ಒತ್ತಿ ಕುದುರೆ ಎಳೆದರೆ ಮದ್ದು ಚರ್ಮ ಸೀಳಿ ಒಳಗೆ. ಎತ್ತರದ ಪ್ರಕಾರ ಸಾಲು. ಮೊದಲು ಏಣಿ, ನಮ್ಮೆಲ್ಲರಿಗಿಂತ ಉದ್ದದವನು. ಆಮೇಲೆ ನಾನು. ನನ್ನ ಹಿಂದೆ ಗಿಡ್ಡ. ಅವನೂ ಆರಡಿಯವನೇ, ಹೆಸರಿಟ್ಟವನು ಏಣಿ. ಏಣಿಗೆ ಎಲ್ಲರೂ ಗಿಡ್ಡರು.
ಏಣಿ ಅಲುಗಿದ. ರಕ್ತ ಬಂತು. ಕಾಂಪೌಂಡರ್ ಗನ್ನಿನ ಮೂತಿ ಒರೆಸಲಿಲ್ಲ. “ನೆಕ್ಸ್ಟ್” ಅಂತ ಕೂಗಿದ. ನನ್ನ ತೋಳಿಗೆ ಒತ್ತಿದ.
ಏಣಿ ಆಗಲೇ ತೀರಿಹೋದ. ಇದೇ ಕಾಯಿಲೆ.
ವಕೀಲರು ಸಾಕ್ಷಿ ಬೇಕು ಅಂದರು. ಇನ್ನೊಂದನ್ನೂ ಹೇಳಿದರು: “ನೀವು ಇರೋ ಹೊತ್ತಿಗೇ ತೀರ್ಪು ಆಗ್ಬೇಕು. ನೀವು ಹೋದ್ರೆ ಅರ್ಜಿನೂ ಮುಚ್ಚುತ್ತೆ. ಅಮ್ಮನಿಗೆ ಏನೂ ಬರಲ್ಲ.”
ಅಮ್ಮ ಅಂದರೆ ಇವಳು. ಪಕ್ಕದಲ್ಲೇ ಇದ್ದಳು.

ಮಾರ್ಚ್ 19
ಗಿಡ್ಡನಿಗೆ ಫೋನ್. ಈಗ ಮಾಜಿ ಸೈನಿಕರ ಸಂಘದ ಅಧ್ಯಕ್ಷ. ಪದಕ ತೂಗುಹಾಕಿಕೊಂಡು ಶಾಲೆಗಳಲ್ಲಿ ಭಾಷಣ. ಗನ್ನಿನ ಮಾತು ಎತ್ತಿದೆ. ನೆನಪಿಲ್ಲ ಅಂದ… ಆಮೇಲೆ ಸ್ವಲ್ಪ ನೆನಪಿದೆ ಅಂದ.
ರಕ್ತ ಪರೀಕ್ಷೆ ಮಾಡಿಸಿಕೊ ಅಂದೆ. ನನ್ನದೇ ಐಡಿಯಾ. ಅವನಿಗೂ ಇದ್ದರೆ ಕೇಸು ಗೆದ್ದ ಹಾಗೆ. ಅವನ ಫಲಿತಾಂಶವನ್ನೇ ಆಧಾರವಾಗಿ ಕೊಡುತ್ತೇವೆ ಅಂತ ವಕೀಲರು ಮಂಡಳಿಗೆ ಮೊದಲೇ ಬರೆದೂಬಿಟ್ಟರು.
ರಾತ್ರಿ ದೀಪ ಆರಿಸಿ ಬೇಡಿಕೊಂಡೆ. ಗಿಡ್ಡನಿಗೂ ಇರಲಿ ದೇವರೇ. ಒಂದೇ ತಟ್ಟೆಯಲ್ಲಿ ಉಂಡವನು. ಅವನಿಗೂ ಇರಲಿ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 2
ಗಿಡ್ಡನಿಗೆ ಏನೂ ಇಲ್ಲ.
ಮಂಡಳಿಯ ಡಾಕ್ಟರು ಬರೆದಿದ್ದಾರೆ — ಅದೇ ಗನ್ನು, ಮರುಕ್ಷಣವೇ ಲಸಿಕೆ ಪಡೆದ ವ್ಯಕ್ತಿ ಆರೋಗ್ಯವಂತ. ಆದ್ದರಿಂದ ಗನ್ನು ಕಾರಣವಲ್ಲ. ನಾನೇ ತೋಡಿದ ಹಳ್ಳ. ಅಗಲ ಸಾಲದು ಅಂತ ವಕೀಲರ ಗುದ್ದಲಿಯನ್ನೂ ತರಿಸಿಕೊಂಡೆ.

ಏಪ್ರಿಲ್ 4
ಗಿಡ್ಡ ಮನೆಗೇ ಬಂದ. ಚಹಾ ಆರಿಹೋಯಿತು, ಮುಟ್ಟಲಿಲ್ಲ. ಏನೋ ನಿನ್ನ ತೋಳು ಕಬ್ಬಿಣವೇನೋ ಅಂತ ತಮಾಷೆ ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ — ಇವನು ನಿಜವಾಗಿಯೂ ಮುಟ್ಟಿಕೊಂಡ.
“ನಾನು ಸಾಲಲ್ಲಿ ಇರ್ಲಿಲ್ಲ ಕಣೋ. ಅಡುಗೆ ಶೆಡ್ ಹಿಂದೆ ಅಡಗಿ ಕೂತಿದ್ದೆ. ಹೆಸರು ಕರೆದಾಗ ಏಣಿನೇ ದನಿ ಬದಲಿಸಿ ಹಾಜರ್ ಅಂದ.”
ಗನ್ನಿಗೆ ಹೆದರಿದ್ದನಂತೆ. ಸಾಲಿನಲ್ಲಿ ನಾನು ಹಿಂದೆ ತಿರುಗುವಂತಿರಲಿಲ್ಲ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ!
ಇಷ್ಟನ್ನೇ ಮಂಡಳಿಯ ಮುಂದೆ ಹೇಳು, ಡಾಕ್ಟರ ವಾದ ಬಿದ್ದುಹೋಗುತ್ತದೆ ಅಂದೆ. ಕೈ ಹಿಡಿದುಕೊಂಡೆ. ಹೇಳ್ತೀನಿ ಅಂದ. ಬಾಗಿಲಲ್ಲಿ ನಿಂತು, ಸಂಘದವರಿಗೆ ಗೊತ್ತಾಗಲ್ಲ ತಾನೇ ಅಂತ ಕೇಳಿದ.

ಮೇ 20
ವಿಚಾರಣೆ. ಇವಳು ಕೈ ಹಿಡಿದು ಕರೆದುಕೊಂಡು ಹೋದಳು. ಗಿಡ್ಡ ಬಂದಿದ್ದ. ಕೋಟು, ಪದಕ ಎಲ್ಲ. ಗೋಡೆಗೊರಗಿ ಸಂಘದ ನಾಲ್ಕು ಜನ. ನನಗೆ ಬೆಂಬಲ ಕೊಡಲು ಬಂದಿದ್ದರಂತೆ, ಪಾಪ.
ಅಧಿಕಾರಿ ಕೇಳಿದರು: ಆ ದಿನ ನೀವು ಲಸಿಕೆ ತೆಗೆದುಕೊಂಡಿರಾ?
ಗಿಡ್ಡ ಆ ನಾಲ್ವರ ಕಡೆ ನೋಡಿದ.
“ತಗೊಂಡೆ ಸರ್. ಇವನ ಹಿಂದೇನೇ ಇದ್ದೆ.”
ವಕೀಲರು ಮತ್ತೆ ಕೇಳಿದರು, ತಿರುಗಿಸಿ ಕೇಳಿದರು. ಅದೇ ಉತ್ತರ. ಸಿಟ್ಟು ಬರಲಿಲ್ಲ. ಸುಸ್ತಾಯಿತು, ಅಷ್ಟೇ. ಬಸ್ಸಿನಲ್ಲಿ ಇವಳು, ಹೋಗ್ಲಿ ಬಿಡಿ ಅಂದಳು. ಹೋಗುವುದಕ್ಕೆ ಇನ್ನೇನು ಉಳಿದಿದೆ?

ಜುಲೈ 9, ಆಸ್ಪತ್ರೆ
ಬರೆಯದೆ ಬಹಳ ದಿನವಾಯಿತು. ಹೊಟ್ಟೆಯಲ್ಲಿ ನೀರು. ತೆಗೆಯುತ್ತಾರೆ, ತುಂಬುತ್ತದೆ. ಅಕ್ಷರ ಕಾಗೆ ಕಾಲು.
ಗಿಡ್ಡ ಬಂದಿದ್ದ. ಪದಕ ಇಲ್ಲ. ಶೇವ್ ಇಲ್ಲ. ಮಂಚದ ಕಂಬಿ ಹಿಡಿದು ಅತ್ತ. ಮೊದಲು ಸಂಘದಲ್ಲಿ ಎದ್ದು ನಿಂತು ಹೇಳಿದನಂತೆ, ಆಮೇಲೆ ವಕೀಲರ ಹತ್ತಿರ ಹೋಗಿ ಎಲ್ಲ ಬರೆದು ಸಹಿ ಹಾಕಿದನಂತೆ — ಶೆಡ್ಡು, ಏಣಿಯ ಹಾಜರಿ, ಮೇ ತಿಂಗಳ ಸುಳ್ಳು. ಅವನನ್ನು ಬೈಯಬೇಕು ಅಂತ ಇಷ್ಟು ದಿನ ಮಾತು ಕೂಡಿಟ್ಟಿದ್ದೆ. ನೀರು ಕುಡಿ ಅಂದೆ.
ಮಂಡಳಿ ಮತ್ತೆ ಕೂರುವುದು 23ಕ್ಕೆ.
ಇವಳು ಡಾಕ್ಟರನ್ನು ಹೊರಗೆ ಕರೆದು ಏನೋ ಕೇಳಿದಳು. ಒಳಗೆ ಬಂದು, ಇಪ್ಪತ್ಮೂರು ಏನು ಮಹಾ, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಬರುತ್ತೆ ಅಂದಳು. ಕನ್ನಡಕ ತೆಗೆದು ಒರೆಸುತ್ತಾ.

ಜುಲೈ 17
ಇವತ್ತು ಪೆನ್ನು ಇವಳೇ ಬೆರಳಿಗೆ ಸಿಕ್ಕಿಸಿದಳು.
ಗಿಡ್ಡ ದಿನಾ ಬರುತ್ತಾನೆ. ಬೆನ್ನ ಹಿಂದೆ ದಿಂಬು ಸರಿಮಾಡುತ್ತಾನೆ. ಈಗ ಇದ್ದಾನೆ ಹಿಂದೆ.
23ರವರೆಗೆ ಇರಬೇಕು. ಸಾಲಿನಲ್ಲಿ ನಿಂತು ಅಭ್ಯಾಸ ಉಂಟು. ಆದರೆ ಮುಂದೆ ನೋಡಿದರೆ ಜಾಗ ಖಾಲಿ. ಏಣಿ ಆಗಲೇ ತೋಳು ಒತ್ತಿಕೊಂಡು ಬಾಗಿಲು ದಾಟಿದ. ಕಾಂಪೌಂಡರ್ ಈ ಕಡೆ ತಿರುಗಿ