ಎರಡು ಮುಚ್ಚಳ ಕೆಮ್ಮಿನ ಸಿರಪ್

ಜೂನ್ 3, ಸೋಮವಾರ
ಬೆಳಗ್ಗೆಯಿಂದ ಟೈಲರ್ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿದದ್ದೇ ಹೊಲಿದದ್ದು. ಒಂದು ಶರ್ಟಿನ ಎರಡೂ ಪಟ್ಟಿಗೆ ಕಾಜಾ ಹಾಕಿಬಿಟ್ಟೆ. ಮಾಸ್ಟರ್ ಎತ್ತಿ ಹಿಡಿದು, "ಗುಂಡಿ ಎಲ್ಲಿಗಮ್ಮಾ, ಗಿರಾಕಿ ಮೈಗೇ ಹೊಲೀತೀಯಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನಸ್ಸು ಎಲ್ಲೋ. ತಂಗಿ ವ್ಯಸನಮುಕ್ತಿ ಕೇಂದ್ರ ಸೇರಿ ಇವತ್ತಿಗೆ ನಲವತ್ತು ದಿನ. ಫೋನಿಗೂ ಬಿಡುವುದಿಲ್ಲ. ಅವಳ ಚಪ್ಪಲಿ ಬಾಗಿಲಲ್ಲೇ ಇದೆ... ಒಳಗಿಡಲು ಮನಸ್ಸು ಬರುತ್ತಿಲ್ಲ.

ಜೂನ್ 8
ಡಾಕ್ಟರು ಮನೆಯವರನ್ನು ಕರೆಸಿದ್ದರು. ಮನೆಯವರು ಅಂದರೆ ನಾನೊಬ್ಬಳೇ.
"ಚಿಕ್ಕಂದಿನಲ್ಲಿ ದಿನಾ ಹೆದರ್ಕೊಂಡು ಬೆಳೆದೋರಿಗೆ ಈ ಚಟ ಬೇಗ ಅಂಟ್ಕೊಳ್ಳುತ್ತೆ. ಎಲ್ರಿಗೂ ಅಂತಲ್ಲ. ಮನೇಲಿ ಏನಾದ್ರೂ ಇತ್ತಾ?"
ಅಪ್ಪನ ವಿಷಯ ಹೇಳಿದೆ. ಬೆಲ್ಟು, ಅಮ್ಮನ ಕಿರುಚಾಟ, ಎಲ್ಲ.
"ಅಮಲಿನದ್ದು ಮೊದಲು ಯಾವಾಗ ತಗೊಂಡ್ಳು?"
ಹತ್ತೊಂಬತ್ತಕ್ಕೆ ಎಂದೆ. ಸುಳ್ಳು.

ಜೂನ್ 9
ಇಲ್ಲಾದರೂ ನಿಜ ಬರೆಯುತ್ತೇನೆ. ಆಗ ಅವಳಿಗೆ ನಾಲ್ಕು ವರ್ಷ, ನನಗೆ ಹತ್ತು. ಅಪ್ಪನ ಸ್ಕೂಟರ್ ಸದ್ದು ಕೇಳಿದರೆ ಇಬ್ಬರೂ ಬೀರುವಿನ ಹಿಂದೆ. ಅವಳು ಅತ್ತರೆ ಅಪ್ಪ ಹುಡುಕಿಕೊಂಡು ಬರುತ್ತಿದ್ದ. ಅದಕ್ಕೇ ಕೆಮ್ಮಿನ ಸಿರಪ್ ಕುಡಿಸುತ್ತಿದ್ದೆ — ಎರಡು ಮುಚ್ಚಳ. ಎಷ್ಟು ಬೇಗ ಕಣ್ಣು ಮುಚ್ಚುತ್ತಿದ್ದಳು. ಎಂಥ ಉಪಾಯ ಕಂಡುಹಿಡಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಎರಡು ವರ್ಷ ನಡೆಯಿತು.
ಅದೇ ಮನೆ, ಅದೇ ಅಪ್ಪ. ನಾನು ಹೇಗೋ ಬಚಾವಾದೆ. ಕಾಪಾಡಿಕೊಳ್ಳುವುದಕ್ಕೆ ನನಗೆ ಅವಳಿದ್ದಳು. ಅವಳಿಗೆ ಏನಿತ್ತು? ಸಿರಪ್.
ಅವಳನ್ನು ನೋಡಬೇಕು. ಹಂಬಲಕ್ಕೆ ಅನ್ನ ಸೇರುತ್ತಿಲ್ಲ.

ಜೂನ್ 22
ಸಿರಪ್ಪಿನ ವಿಷಯ ತಂಗಿಗೆ ಹೇಳಿಬಿಟ್ಟೆ. ಡಾಕ್ಟರ ಎದುರೇ. ಅವಳು ಉಗುರು ನೋಡಿಕೊಳ್ಳುತ್ತ ಕೂತಿದ್ದಳು.
"ಗೊತ್ತು ಅಕ್ಕ. ಕುಡಿಸಿ ತೊಡೆ ಮೇಲೆ ಮಲಗಿಸ್ಕೋತಿದ್ದೆ. ಆಮೇಲೆ ಏನು ತಗೊಂಡ್ರೂ ಆ ನಿದ್ದೆ ಬರ್ಲಿಲ್ಲ."
ನೀವೂ ಆಗ ಮಗುವೇ ಅಲ್ಲವೇ ಎಂದು ಡಾಕ್ಟರು ಸಮಾಧಾನ ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು.

ಜುಲೈ 14, ಮಧ್ಯಾಹ್ನ 3
ತಂಗಿ ಮನೆಗೆ ಬಂದು ಐದು ದಿನ. ನಿನ್ನೆಯವರೆಗೂ ಚೆನ್ನಾಗಿದ್ದಳು. ಇವತ್ತು ಬೆಳಗ್ಗೆಯಿಂದ ಚಡಪಡಿಕೆ. ನಿಂತಲ್ಲಿ ನಿಲ್ಲಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡಳು.
"ಒಂದೇ ಒಂದ್ಸಲ ಅಕ್ಕ. ನೀನೇ ತಂದ್ಕೊಡು. ನೀನು ಕೊಟ್ರೆ ಏನೂ ಆಗಲ್ಲ."
ಇಲ್ಲ ಎಂದೆ. ಅವಳಿಗೆ ಇಲ್ಲ ಎಂದು ಅಭ್ಯಾಸವಿಲ್ಲದ ಬಾಯಿ ಇದು.
ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಆ ಕಡೆ ಅವಳೂ ಒರಗಿದ್ದಾಳೆ, ಹಲಗೆ ಅಲುಗುತ್ತಿದೆ. ಔಷಧಿ ಇಲ್ಲ ಕಣೇ, ತೊಡೆಯೊಂದಿದೆ, ಬಾ ಎಂದೆ. ಮತ್ತೆ ಕರೆದೆ. ಈಗ ಚಿಲಕ ಸರಿಯುವ ಸದ್ದು —